ಒಂದು ಬೆರಳಿನಷ್ಟು ಜಾಗ

“ಅಲ್ಲಿ ಮಾತ್ರ ಕೂಡಿಸಬೇಡಿ ಮೇಡಂ. ಒಂದು ಬೆರಳಿನಷ್ಟು ಜಾಗ ಬಿಟ್ಟುಬಿಡಿ. ಬೇಕಾದ್ರೆ ನಿಮ್ಮ ಕಾಲಿಗೆ ಬೀಳ್ತೀನಿ.”

ನಕ್ಷೆ ಅಜ್ಜ ಹೀಗೆಂದದ್ದು ಹಾಡಹಗಲು ಎರಡು ಗಂಟೆಗೆ, ನಗರ ಯೋಜನಾ ಕಚೇರಿಯ ಎರಡನೇ ಮಹಡಿಯಲ್ಲಿ. ಸುತ್ತ ಫೈಲುಗಳ ಧೂಳು, ಫ್ಯಾನಿನ ಕಿರಿಕಿರಿ, ಅರ್ಜಿ ಹಿಡಿದು ಸಾಲುಗಟ್ಟಿದವರ ಕೆಮ್ಮು. ಮಾಟದ ಮಾತಾಡಲು ಅದು ಹೊತ್ತೂ ಅಲ್ಲ, ಜಾಗವೂ ಅಲ್ಲ. ಹೊಸ ಅಧಿಕಾರಿಣಿ ನಕ್ಕೇಬಿಟ್ಟಳು.

“ಗೆರೆಗೆ ಕೈ ಇದೆಯಾ ಅಜ್ಜಾ, ಹಿಡ್ಕೊಳ್ಳೋಕೆ? ಕಾಲಿದೆಯಾ, ಅಟ್ಟಿಸ್ಕೊಂಡು ಬರೋಕೆ?”

ಅಜ್ಜ ನಗಲಿಲ್ಲ. ನಿವೃತ್ತಿಯಾಗಿ ಎಂಟು ವರ್ಷ ಕಳೆದಿದ್ದರೂ, ಹಳೆಯ ನಕ್ಷೆಗಳನ್ನು ಓದಬಲ್ಲವರು ಬೇರೆ ಯಾರೂ ಇಲ್ಲವೆಂದು ಕಚೇರಿ ಅವನನ್ನು ಬಿಟ್ಟುಕೊಟ್ಟಿರಲಿಲ್ಲ. ಅವನೆದುರು ಮೇಜಿನ ತುಂಬ ಹರಡಿಕೊಂಡಿದ್ದದ್ದು ಅಂಥದೇ ಒಂದು ನಕ್ಷೆ. ಎಣ್ಣೆ ಹಚ್ಚಿದ ಬಟ್ಟೆಯ ಮೇಲೆ ಬರೆದದ್ದು, ನೂರು ವರ್ಷ ಮೀರಿದ್ದು. ಊರಿನ ಹಳೆಯ ಬೀದಿಯ ಎಂಬತ್ತಮೂರು ಕಟ್ಟಡಗಳು ಅದರಲ್ಲಿದ್ದವು. ಅವುಗಳ ಸುತ್ತ ಒಂದು ಕೆಂಪು ಗೆರೆ ಓಡಿತ್ತು. ಆ ಗೆರೆಯೊಳಗಿನದೆಲ್ಲ ಸಂರಕ್ಷಿತ ಪ್ರದೇಶ. ಅಲ್ಲಿ ಒಂದು ಕಿಟಕಿ ಬದಲಿಸಬೇಕಾದರೂ ಈ ಕಚೇರಿಯ ಅನುಮತಿ ಬೇಕು. ಆದರೆ ಬೀದಿಯ ಬಾಯಲ್ಲಿ, ಮೂಲೆಮನೆಯ ಮುಂದೆ, ಗೆರೆ ತಟ್ಟನೆ ನಿಂತು ಒಂದು ಬೆರಳಿನಷ್ಟು ಜಾಗ ಬಿಟ್ಟು ಮತ್ತೆ ಶುರುವಾಗಿತ್ತು.

ತಕರಾರು ಹುಟ್ಟಿದ್ದೇ ಅಲ್ಲಿ. ಮೂಲೆಮನೆಯನ್ನು ಕೊಂಡ ಹಲ್ಲಿನ ಡಾಕ್ಟರು ಅದರ ಕೆತ್ತನೆಯ ಮರದ ಮುಂಭಾಗವನ್ನು ಕಿತ್ತು ಗಾಜು ಹಾಕಿಸಬೇಕೆಂದು ಅರ್ಜಿ ಕೊಟ್ಟಿದ್ದರು. ಗೆರೆ ಬಾಯಿ ತೆರೆದುಕೊಂಡಿರುವಾಗ ಒಳಗೆ ಯಾವುದು ಹೊರಗೆ ಯಾವುದು, ನಮ್ಮ ಮನೆ ಸಂರಕ್ಷಿತವೇ ಅಲ್ಲ ಎಂದು ಅವರ ವಕೀಲ ಕಾಗದ ಬರೆದಿದ್ದ. ಅಂದು ಸಂಜೆ ಐದರೊಳಗೆ ಉತ್ತರ ಹೋಗದಿದ್ದರೆ ಅನುಮತಿ ಕೊಟ್ಟಂತೆಯೇ ಎಂಬುದು ನಿಯಮ.

ಅಧಿಕಾರಿಣಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಅಳತೆ ಮೇಡಂ. ಬಂದು ಮೂರು ತಿಂಗಳಾಗಿತ್ತಷ್ಟೆ. ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಅಳತೆಯ ಟೇಪು ಇರಲೇಬೇಕು. ಹಳೆಯ ಬಾಗಿಲು ಕಂಡರೆ ಕೈಯಲ್ಲಿ ಸವರದೆ ಮುಂದೆ ಹೋದವಳಲ್ಲ. ಕೂತಲ್ಲಿ ಐದು ನಿಮಿಷ ಕೂತವಳೂ ಅಲ್ಲ. “ನೀನು ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೋಳು” ಎಂದು ಗಂಡ ರೇಗಿಸುತ್ತಿದ್ದ. ಆ ಮರದ ಕೆತ್ತನೆಯನ್ನು ಹಲ್ಲು ಕಿತ್ತಂತೆ ಕಿತ್ತೆಸೆಯಲು ಬಿಡುವುದೆಂದರೆ ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು.

“ಕಾರಣ ಹೇಳಿ ಅಜ್ಜಾ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ.”

ಅಜ್ಜ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಈ ಗೆರೆ ಎಳೆದೋನು ನಮ್ಮ ತಾತ. ಮೋಜಣಿದಾರ ಆಗಿದ್ದ. ಹಳೇ ಗುಡಿಸಲುಗಳನ್ನ ಕೆಡವಿ ಬೀದಿ ಕಟ್ಟೋಕೆ ಅಂತ ಎಳೆದಿದ್ದು. ಆ ಮೂಲೇಲಿ ಒಬ್ಬ ಹೆಂಗಸಿನ ಮನೆ ಇತ್ತು. ಮಾಟ ಮಾಡ್ತಾಳೆ ಅಂತ ಜನ ಹೆದರ್ತಿದ್ರು. ಆಕೆ ಬಂದು ಗೋಗರೆದಳಂತೆ, ತಾತ ಕೇಳ್ಲಿಲ್ಲ. ಮನೆ ಬಿತ್ತು. ಆಕೆ ತನ್ನ ಹೊಸಿಲು ಸುಟ್ಟ ಬೂದಿ, ತನ್ನ ಕೂದಲು ಸುಟ್ಟ ಬೂದಿ ಎರಡೂ ತಂದು ತಾತನ ಶಾಯಿ ದೌತಿಗೆ ಸುರಿದಳು. ‘ನನ್ನನ್ನ ಮನೆಯಿಂದ ಹೊರಗೆ ಹಾಕಿದೆ. ಈ ಗೆರೆ ಕೂಡಿಸಿದೋರ ಒಡಲಿನೋರು ಒಬ್ಬರು ಎಂದೆಂದಿಗೂ ಒಳಗೇ ಇರಲಿ’ ಅಂದಳಂತೆ.”

“ಆಮೇಲೆ?”

“ತಾತನೂ ನಕ್ಕ, ನಿಮ್ಮ ಹಾಗೇ. ಗೆರೆ ಕೂಡಿಸಿದ. ಒಳಗೆ ಆಡ್ತಿದ್ದ ಅವನ ಮಗ ಮೂರು ದಿನ ಹೊರಗೆ ಬರೋಕೆ ಆಗ್ಲಿಲ್ಲ. ತಾತ ಬ್ಲೇಡು ತಗೊಂಡು ಗೆರೆನ ಕೆರೆದು ಬಾಯಿ ಮಾಡಿದ ಮೇಲೆ ಬಂದ. ಬಂದಾಗ ಅವನಿಗೆ ಅವನ ಹೆಸರೇ ಗೊತ್ತಿರಲಿಲ್ಲ ಮೇಡಂ. ಆ ಹುಡುಗ ನಮ್ಮಪ್ಪ.”

ಒಂದು ಕ್ಷಣ ಅವಳಿಗೆ ಮುದುಕನ ಮೇಲೆ ಕನಿಕರ ಬಂತು. ಆದರೆ ಗೋಡೆಯ ಗಡಿಯಾರ ಎರಡು ಇಪ್ಪತ್ತು ತೋರಿಸುತ್ತಿತ್ತು.

“ನನ್ನ ಮಗಳು ವಾರಕ್ಕೆರಡು ಸಲ ಅದೇ ಬೀದಿಗೆ ಚಿತ್ರ ಕಲಿಯೋಕೆ ಹೋಗ್ತಾಳೆ. ಇವತ್ತೂ ಹೋಗ್ತಾಳೆ. ಹಿಡ್ಕೊಳ್ಳಲಿ ನೋಡೋಣ ನಿಮ್ಮ ಗೆರೆ!” ಎಂದಳು.

ಬಾಯಿಂದ ಬಿದ್ದ ಮಾತು, ಒಡೆದ ಮುತ್ತು. ಅಜ್ಜ ಎರಡೂ ಕಿವಿ ಮುಚ್ಚಿಕೊಂಡು ಎದ್ದು ಹೋದ.

ಅವಳು ಕೆಲಸಕ್ಕೆ ಕೂತಳು. ಆ ವರ್ಷದಿಂದ ಎಲ್ಲ ಗಡಿಗಳೂ ಕಂಪ್ಯೂಟರಿನಲ್ಲಿರಬೇಕು, ಅದರಲ್ಲಿದ್ದದ್ದೇ ಕಾನೂನು ಎಂದು ಆದೇಶ ಬಂದಿತ್ತು. ಕಂಪ್ಯೂಟರು ಬಾಯಿ ತೆರೆದ ಗೆರೆಯನ್ನು ಒಪ್ಪುತ್ತಿರಲಿಲ್ಲ. ‘ಆಕೃತಿ ಮುಚ್ಚಿಲ್ಲ’ ಎಂದು ಮೂರು ಸಲ ಬೀಪ್ ಎಂದಿತು. ಮೂಲನಕ್ಷೆಯಲ್ಲೇ ಗೆರೆ ಕೂಡಿಸಿ ಸ್ಕ್ಯಾನ್ ಮಾಡುವುದೇ ಸರಿ ಎಂದುಕೊಂಡಳು. ಆದರೆ ಎಣ್ಣೆಬಟ್ಟೆಯ ಮೇಲೆ ಅವಳ ಕೆಂಪು ಪೆನ್ನು ಹತ್ತಲಿಲ್ಲ; ಶಾಯಿ ಹನಿಹನಿಯಾಗಿ ಜಾರಿ ಹೋಯಿತು. ಆಗ ನಕ್ಷೆಯ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಟ್ಟ ದೌತಿ ಕಣ್ಣಿಗೆ ಬಿತ್ತು. ಒಳಗೆ ಶಾಯಿ ಒಣಗಿ ಕರಕಲು ರಕ್ತದಂತೆ ಗಟ್ಟಿಯಾಗಿತ್ತು. ನಾಲ್ಕು ಹನಿ ನೀರು ಬಿಟ್ಟಳು. ಒಣಗಿದ್ದದ್ದು ತಟ್ಟನೆ ಕರಗಿತು. ಸುಟ್ಟ ಕೂದಲ ಕಮಟು ವಾಸನೆ ಭಗ್ಗೆಂದು ಮೂಗಿಗೆ ಹೊಡೆಯಿತು.

‘ಹಳೇ ಶಾಯಿ, ವಾಸನೆ ಇರದೆ ಇನ್ನೇನು’ ಎಂದು ಕುಂಚ ಅದ್ದಿದಳು. ನಕ್ಷೆ ಬರೆಯುವವರಿಗೆಲ್ಲ ಒಂದು ಅಭ್ಯಾಸವಿರುತ್ತದೆ, ಅವಳಿಗೂ ಕಾಲೇಜಿನ ದಿನಗಳಿಂದ ಇತ್ತು: ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಮೊನೆ ಮಾಡಿಕೊಳ್ಳುವುದು. ಯೋಚಿಸದೆ ಹಾಗೇ ಮಾಡಿದಳು. ನಾಲಿಗೆ ಕಹಿಯಾಯಿತು. ಎಂಜಲು ಬೆರೆತ ಆ ಮೊನೆಯಿಂದ ಒಂದೇ ಎಳೆತಕ್ಕೆ ಗೆರೆಯ ಎರಡು ತುದಿಗಳನ್ನೂ ಕೂಡಿಸಿಬಿಟ್ಟಳು.

ಸ್ಕ್ಯಾನರ್ ಗುಂಯ್‌ಗುಟ್ಟಿತು. ಈ ಸಲ ಕಂಪ್ಯೂಟರು ತಕರಾರು ಮಾಡಲಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಗುಂಡಿ ಒತ್ತಿದಳು. ನಕ್ಷೆ ಹದಿನೇಳು ಇಲಾಖೆಗಳಿಗೆ ಹೋಯಿತು. ಮೂಲೆಮನೆ ಸಂರಕ್ಷಿತ, ಅರ್ಜಿ ತಿರಸ್ಕೃತ ಎಂಬ ಉತ್ತರವೂ ಡಾಕ್ಟರಿಗೆ ಹೋಯಿತು.

ಆ ಕ್ಷಣ ಅವಳ ಎರಡೂ ಕಿವಿಗಳು ನೀರೊಳಗೆ ಮುಳುಗಿದಂತೆ ಮುಚ್ಚಿಕೊಂಡು ತೆರೆದವು.

ಗೆದ್ದ ಖುಷಿಯಲ್ಲಿ ಟೀ ತರಿಸಿಕೊಂಡಳು, ಕುಡಿಯಲಾಗಲಿಲ್ಲ. ಕೂತಳು, ಎದ್ದಳು. ಕಿಟಕಿಗೆ ಹೋದಳು, ಬಂದಳು. ಮಾಮೂಲಿ ಚಡಪಡಿಕೆಯಲ್ಲ ಇದು. ಕಾಲುಗಳು ತಾವಾಗಿ ಎಲ್ಲಿಗೋ ಹೊರಟಂತೆ ಮೇಜಿನ ಕೆಳಗೆ ತಟತಟ ಬಡಿದುಕೊಳ್ಳುತ್ತಿದ್ದವು. ನಾಲಿಗೆಯ ಕಹಿ ಹೋಗಲೊಲ್ಲದು. ಮೂರು ಸಲ ಬಾಯಿ ಮುಕ್ಕಳಿಸಿದಳು, ಮೂರು ಸಲವೂ ನೀರು ಕೆಂಪಗೆ ಬಂತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗಂಡನ ಫೋನು. ಚಿತ್ರದ ತರಗತಿ ಮುಗಿಸಿದ ಮಗಳನ್ನು ಕರೆತರಲು ಅವನು ಕನ್ನಡಕದ ಅಂಗಡಿಗೆ ಬೀಗ ಹಾಕಿ ಹೋಗಿದ್ದ.

“ನೀನು ಬೇಗ ಬಾ. ಏನೋ ಆಗ್ತಿದೆ. ಪುಟ್ಟಿ ಬೀದಿಯಿಂದ ಆಚೆ ಬರ್ತಿಲ್ಲ.”

“ಹಠ ಮಾಡ್ತಿದಾಳಾ?”

“ಹಠ ಅಲ್ಲ ಕಣೇ! ಕೈ ಹಿಡ್ಕೊಂಡೇ ನಡೀತಿದೀನಿ. ಮೂಲೆಮನೆ ದಾಟ್ತೀನಿ, ಕೈ ಖಾಲಿ. ತಿರುಗಿ ನೋಡಿದ್ರೆ ಅವಳು ಹಿಂದೆ, ಅಲ್ಲೇ ನಿಂತಿದಾಳೆ. ‘ಅಪ್ಪ ಯಾಕೆ ಕೈ ಬಿಟ್ಟೆ’ ಅಂತ ಅಳ್ತಿದಾಳೆ. ನಾನು ಬಿಟ್ಟಿಲ್ಲ. ದೇವರಾಣೆ ಬಿಟ್ಟಿಲ್ಲ.”

ಮೆಟ್ಟಿಲುಗಳನ್ನು ಎರಡೆರಡು ಹಾರಿ ಇಳಿದಳು. ಕೆಳಗೆ ಕೂತಿದ್ದ ಅಜ್ಜ ಅವಳ ಮುಖ ನೋಡಿದ. ತುಟಿಯ ಕೆಂಪು ಕಲೆ ನೋಡಿದ.

“ಕುಂಚ ಬಾಯಿಗಿಟ್ರಾ ಮೇಡಂ? ಎಂಜಲು ಮುಟ್ಟಿಸಿದ್ರಾ?”

ಅವಳು ಆಗಲೇ ಬಾಗಿಲು ದಾಟಿ ಓಡಿದ್ದಳು. ಕಚೇರಿಯಿಂದ ಹಳೆಯ ಬೀದಿಗೆ ಹತ್ತು ನಿಮಿಷದ ದಾರಿ. ಆರೇ ನಿಮಿಷದಲ್ಲಿ ಮುಟ್ಟಿದಳು.

ಬೀದಿ ಎಂದಿನಂತೆಯೇ ಇತ್ತು. ಭಯವಾದದ್ದೇ ಅದಕ್ಕೆ. ತರಕಾರಿಯವಳು ತಕ್ಕಡಿ ತೂಗುತ್ತಿದ್ದಳು, ಬಡಗಿಯ ಅಂಗಡಿಯಿಂದ ಉಳಿಯ ಟಕಟಕ ಕೇಳುತ್ತಿತ್ತು, ಜನ ಬರುತ್ತಿದ್ದರು, ಹೋಗುತ್ತಿದ್ದರು. ಯಾರನ್ನೂ ಯಾವುದೂ ತಡೆಯುತ್ತಿರಲಿಲ್ಲ. ಎಂಟು ವರ್ಷದ ಮಗಳೊಬ್ಬಳೇ ಮೂಲೆಮನೆಯ ಒಳಬದಿಯಲ್ಲಿ ಚಿತ್ರದ ಹಾಳೆ ಎದೆಗೊತ್ತಿಕೊಂಡು ಬಿಕ್ಕುತ್ತಿದ್ದಳು.

“ಅಮ್ಮಾ!”

ಅವಳು ಒಳಗೆ ನುಗ್ಗಿ ಮಗಳನ್ನು ಬಾಚಿ ಎತ್ತಿಕೊಂಡಳು. ಹೆಗಲ ಮೇಲೆ ಬಿಸಿಯುಸಿರು. ಬಣ್ಣದ ವಾಸನೆ. ಕೊರಳಿಗೆ ಬಿಗಿದ ಪುಟ್ಟ ತೋಳು. ಗಟ್ಟಿಯಾಗಿ ತಬ್ಬಿಕೊಂಡೇ ಹೆಜ್ಜೆ ಹಾಕಿದಳು. ಒಂದು. ಎರಡು. ಮೂಲೆಮನೆಯ ಮೆಟ್ಟಿಲು. ಮೂರು. ಕಿವಿ ಮುಚ್ಚಿತು. ತೋಳು ಹಗುರಾಯಿತು. ತನ್ನ ಎದೆಯನ್ನು ತಾನೇ ತಬ್ಬಿಕೊಂಡು ರಸ್ತೆಯಲ್ಲಿ ನಿಂತಿದ್ದಳು. ಮಗಳು ಹಿಂದೆ, ಹತ್ತು ಹೆಜ್ಜೆ ಒಳಗೆ.

ಮತ್ತೆ ಹೋದಳು. ಈ ಸಲ ಮಗಳನ್ನು ಬೆನ್ನಿಗೆ ಹೊತ್ತು ದುಪಟ್ಟಾದಿಂದ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು. ದಾಟಿದಳು. ದುಪಟ್ಟಾದ ಗಂಟು ಹಾಗೇ ಇತ್ತು. ಒಳಗೆ ಯಾರೂ ಇರಲಿಲ್ಲ.

“ಪುಟ್ಟೀ, ನಿನ್ನ ಸ್ಕೂಲಲ್ಲಿ ಓಡೋ ಪಂದ್ಯ ಓಡ್ತೀಯಲ್ಲ, ಹಾಗೆ ಓಡು. ಅಮ್ಮನ ಕಡೆ ನೋಡ್ಕೊಂಡು ಓಡಿ ಬಾ.”

“ಯಾವ ಸ್ಕೂಲು?” ಎಂದಿತು ಮಗು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗು ಓಡಿತು. ಓಡೋಡಿ ಬಂತು. ಮೂಲೆಮನೆ ಮುಟ್ಟಿತು. ಇನ್ನೊಂದು ಹೆಜ್ಜೆ. ಇಲ್ಲ. ಬೀದಿಯ ಒಳಗಿಂದ ಮತ್ತೆ ಓಡಿ ಬರುತ್ತಿತ್ತು. ಮತ್ತೆ. ಮತ್ತೆ. ಕೊನೆಗೆ ಏದುಸಿರು ಬಿಡುತ್ತ ನಿಂತು, ಅವಳನ್ನು ಮೇಲಿಂದ ಕೆಳಗೆ ನೋಡಿತು.

“ಆಂಟೀ, ನಮ್ಮಮ್ಮ ಎಲ್ಲಿ?”

ಅಯ್ಯೋ, ಆ ಮಾತು ಕೇಳಿದ ಹೆತ್ತ ಕರುಳಿನ ಪಾಡು ಯಾವ ಶತ್ರುವಿಗೂ ಬೇಡ. ಅವಳು ಕಲ್ಲಿನ ಮೇಲೆ ಕುಸಿದು ಕೂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ನಾನೇ ಕಣೇ, ನಾನೇ ನಿಮ್ಮಮ್ಮ” ಎಂದರೆ ಮಗು ಹೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಅಷ್ಟರಲ್ಲಿ ಅಜ್ಜ ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಏದುತ್ತ ಬಂದ. “ಇನ್ನು ಯಾರೂ ದಾಟಿಸಬೇಡಿ! ಒಂದೊಂದು ಸಲ ದಾಟೋಕೆ ಹೋದಾಗಲೂ ಒಂದೊಂದು ನೆನಪು ಹೋಗುತ್ತೆ!” ಎಂದು ದೂರದಿಂದಲೇ ಕೂಗಿದ. ಮೂಲೆಮನೆಯ ಮೆಟ್ಟಿಲ ಮೇಲೆ ನಕ್ಷೆ ಹಾಸಿ ಜೇಬಿನಿಂದ ಬ್ಲೇಡು ತೆಗೆದ. ಕರಕರ ಕೆರೆದ. ಕೆಂಪು ಪುಡಿ ಉದುರಿತು. ಮತ್ತೆ ಅದೇ ಸುಟ್ಟ ಕೂದಲ ವಾಸನೆ. ಒಂದು ಬೆರಳಿನಷ್ಟು ಜಾಗ ಬೆಳ್ಳಗೆ ತೆರೆದುಕೊಂಡಿತು.

ಅವಳು ಒಳಗೆ ಕೈ ಚಾಚಿ ಮಗುವಿನ ಬೆರಳ ತುದಿಯನ್ನು ಮೆಲ್ಲಗೆ ಹಿಡಿದು ಹೊರಗೆಳೆದಳು. ಬೆರಳು ಹೊಗೆಯಂತೆ ಜಾರಿತು.

“ಬಿಟ್ಟಿಲ್ಲ,” ಎಂದ ಅಜ್ಜ. ಮುಖ ಬಿಳಿಚಿಕೊಂಡಿತ್ತು. “ತಾತನ ಕಾಲದಲ್ಲಿ ಇದ್ದಿದ್ದು ಇದೊಂದೇ ನಕ್ಷೆ. ಈಗ ಆ ಗೆರೆ ಇನ್ನೆಲ್ಲಿದೆ ಮೇಡಂ?”

ಎಲ್ಲಿದೆ? ಹದಿನೇಳು ಇಲಾಖೆಗಳಲ್ಲಿದೆ. ಅವಳು ಕಚೇರಿಗೆ ಫೋನು ಮಾಡಿದಳು. ಕಂಪ್ಯೂಟರಿನ ಹುಡುಗಿ ಎತ್ತಿದಳು.

“ಹಳೇ ಬೀದಿ ಗಡಿಯಲ್ಲಿ ಒಂದು ಬಾಯಿ ಬಿಡಿಸು. ಚೂರೇ ಚೂರು. ಈಗಲೇ!”

“ಬಿಡ್ಸಿದೆ ಮೇಡಂ, ತಾನೇ ಮುಚ್ಕೊಳ್ತಿದೆ. ತೆರೆದ ಆಕೃತೀನ ಇದು ಉಳಿಸ್ಕೊಳ್ಳಲ್ಲ, ಮಧ್ಯಾಹ್ನ ನೀವೇ ಬೈಕೊಂಡ್ರಲ್ಲ. ಪೂರ್ತಿ ಅಳಿಸಿಬಿಡ್ಲಾ?”

“ಬೇಡ!” ಅಜ್ಜ ಕಿರುಚಿದ. ಫೋನನ್ನೇ ಕಸಿದುಕೊಂಡ. “ಮುಟ್ಟಬೇಡಮ್ಮ, ಮುಟ್ಟಬೇಡ! ಗೆರೆ ಪೂರ್ತಿ ಅಳಿಸಿದ್ರೆ ಅದು ಹಿಡಿದಿರೋ ಜೀವಾನೂ ಅಳಿಸಿ ಹೋಗುತ್ತೆ. ಆ ಮಾಟದ ಹೆಂಗಸು ಅದನ್ನೂ ಹೇಳಿದ್ದಳಂತೆ.”

ಬಿಸಿಲು ಇಳಿಯುತ್ತಿತ್ತು. ಬೀದಿಯ ಉದ್ದಕ್ಕೂ ನೆರಳುಗಳು ಚಾಚಿಕೊಂಡಿದ್ದವು. ಮಗುವಿನ ಪಾದದ ಬಳಿ ನೆರಳೇ ಇರಲಿಲ್ಲ. ಅವಳು ಅದನ್ನು ನೋಡಿದಳು. ಗಂಡನೂ ನೋಡಿದ.

ಕೆಟ್ಟ ಮೇಲೆ ಬುದ್ಧಿ ಬರುತ್ತದಂತೆ. ಅವಳಿಗೂ ಬಂತು. ಕೂಡಿಸಿದವರ ಒಡಲಿನವರು ಒಬ್ಬರು ಒಳಗೇ ಇರಲಿ ಎಂದಿದ್ದಳು ಆ ಮಾಟದ ಹೆಂಗಸು. ಮಗುವೇ ಇರಲಿ ಎಂದಿರಲಿಲ್ಲ; ತನ್ನದೂ ಅದೇ ಒಡಲು. ಎರಡು ಸಲ ಮಗುವನ್ನು ಹೊತ್ತು ದಾಟಿಸಲು ನೋಡಿದಾಗಲೂ ಅವಳೂ ಜೊತೆಗೇ ಹೊರಗೆ ಬಂದಿದ್ದಳು. ಒಮ್ಮೆಯೂ ಒಳಗೆ ಉಳಿದಿರಲಿಲ್ಲ.

“ಅಜ್ಜಾ,” ಎಂದಳು. “ಕೂಡಿಸಿದೋರೇ ಒಳಗೆ ಕೂತ್ರೆ?”

ಅಜ್ಜ ತಲೆ ತಗ್ಗಿಸಿದ. ಅದು ಅವನಿಗೆ ಮೊದಲೇ ಹೊಳೆದಿತ್ತು. ಹೇಳಲು ನಾಲಿಗೆ ಬಂದಿರಲಿಲ್ಲ.

“ಏನು ಮಾತಾಡ್ತಿದೀಯಾ?” ಗಂಡ ಅವಳ ರಟ್ಟೆ ಹಿಡಿದ. “ನಾನು ಹೋಗ್ತೀನಿ. ನಾನು ಇರ್ತೀನಿ ಒಳಗೆ.”

“ನೀನು ನನ್ನ ಒಡಲಿನೋನಲ್ಲ ಕಣೋ. ನೀನು ದಾಟ್ತೀಯ, ಬರ್ತೀಯ, ನಿನ್ನನ್ನ ಅದು ಕೇಳೋದೂ ಇಲ್ಲ. ಬಿಡು.”

ಅವಳು ಒಳಗೆ ಹೋದಳು. ಬೀದಿಯ ನಡುವೆ, ಧೂಳಿನಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು. ಜನ ನಿಂತು ನೋಡಿದರು. ಕಾಲುಗಳು ತಟತಟ ಬಡಿದುಕೊಂಡವು. ಎರಡೂ ಕೈಯಿಂದ ಒತ್ತಿ ಹಿಡಿದಳು.

“ಕರ್ಕೊಂಡು ಹೋಗು.”

ಗಂಡ ಮಗುವನ್ನು ಎತ್ತಿಕೊಂಡ. ಒಂದು ಹೆಜ್ಜೆ. ಎರಡು. ಮೂಲೆಮನೆಯ ಮೆಟ್ಟಿಲು. ಅವಳ ಕಿವಿ ಮುಚ್ಚಿತು. ನಾಲಿಗೆಯ ಕಹಿ ಗಂಟಲಿಗಿಳಿಯಿತು. ಎದ್ದು ಓಡು ಎಂದು ಕಾಲು ಕೂಗಿತು. ಕೂತೇ ಇದ್ದಳು. ಕಣ್ಣು ಮುಚ್ಚಿದಳು. ತೆರೆದಳು.

ಗಂಡ ರಸ್ತೆಯಲ್ಲಿ ನಿಂತಿದ್ದ. ಅವನ ಹೆಗಲ ಮೇಲೆ ಮಗು ಇತ್ತು. ಇಬ್ಬರದೂ ಸೇರಿ ಒಂದೇ ಉದ್ದನೆಯ ನೆರಳು ರಸ್ತೆಯ ಮೇಲೆ ಬಿದ್ದಿತ್ತು. ಮಗು ಅವನ ಕಿವಿಯಲ್ಲಿ, ಆ ಆಂಟಿ ಯಾಕಪ್ಪ ಅಳ್ತಿದಾರೆ ಎಂದು ಕೇಳುತ್ತಿತ್ತು.

ಇದಾಗಿ ಆರು ವರ್ಷ.

ಮೊದಲ ವಾರ ಅವಳೂ ಒಮ್ಮೆ ದಾಟಲು ನೋಡಿ, ತನ್ನ ಹೆತ್ತ ತಾಯಿಯ ಮುಖವನ್ನು ಕಳೆದುಕೊಂಡಳು. ಮತ್ತೆ ಆ ಸಾಹಸ ಮಾಡಲಿಲ್ಲ. ಮಗಳು ಚಿತ್ರ ಕಲಿಯುತ್ತಿದ್ದ ಮನೆಯ ಮೇಲ್ಮಹಡಿಯಲ್ಲಿ, ಕೆತ್ತನೆಯ ಮರದ ಗೋಡೆಗಳ ಒಂದು ಕೋಣೆ ಹಿಡಿದಳು. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೀದಿಯವರ ಹಳೆಯ ಬಾಗಿಲು ಕಿಟಕಿಗಳ ಅಳತೆ ತೆಗೆದು, ದುರಸ್ತಿಯ ನಕ್ಷೆ ಬರೆದುಕೊಟ್ಟು ಬದುಕಿದಳು. ಅಜ್ಜ ಬದುಕಿದ್ದಷ್ಟು ದಿನ ದಿನಾ ಬಂದು ಮೆಟ್ಟಿಲ ಮೇಲೆ ಸುಮ್ಮನೆ ಕೂತು ಹೋಗುತ್ತಿದ್ದ. ಗಂಡ ಮನೆಯಲ್ಲಿ ಅವಳ ಫೋಟೋ ತೋರಿಸಿ ತೋರಿಸಿ ಮಗಳಿಗೆ ಮತ್ತೆ ಕಲಿಸಿದ. ಏಳು ತಿಂಗಳಾದ ಮೇಲೆ ಒಂದು ದಿನ ಪುಟ್ಟಿ ಮೂಲೆಮನೆಯ ಹೊರಗೆ ನಿಂತು, ಪಾಠ ಒಪ್ಪಿಸಿದಂತೆ, “ಅಮ್ಮ” ಎಂದಳು. ಅಂದು ತಾಯಿ ಇಡೀ ಬೀದಿಯನ್ನು ಹನ್ನೊಂದು ಸಲ ಸುತ್ತಿದಳು.

ಮಗಳು ದಿನವೂ ಸ್ಕೂಲು ಬಿಟ್ಟ ಮೇಲೆ ಬರುತ್ತಿದ್ದಳು. ಆದರೆ ಒಳಗೆ ಕಾಲಿಡುವಂತಿರಲಿಲ್ಲ. ಅದು ತಾಯಿಯೇ ಹಾಕಿದ ಕಟ್ಟಳೆ. ಒಮ್ಮೆ, ಮಗಳಿಗೆ ಹತ್ತು ವರ್ಷವಿದ್ದಾಗ, ಅಪ್ಪಿಕೊಳ್ಳಲು ಒಳಗೆ ಓಡಿ ಬಂದಿದ್ದಳು. ಅಪ್ಪಿಕೊಂಡೇ ಇದ್ದ ತಾಯಿ ತನ್ನ ಬಲಗಾಲಿನ ಕಡೆ ನೋಡಿದರೆ ಅದು ಗೆರೆಯ ಆಚೆಗಿತ್ತು. ತಾನು ಇಟ್ಟ ಹೆಜ್ಜೆಯಲ್ಲ ಅದು. ಮಗಳು ಒಳಗಿದ್ದಾಳೆ, ಈಗ ಹೊರಡಬಹುದು ಎಂದು ಕಾಲಿಗೆ ತಿಳಿದಿತ್ತು. ಮೈ ಬೆವೆತು ಮಗಳನ್ನು ಹೊರಗೆ ನೂಕಿಬಿಟ್ಟಳು. ಅಂದಿನಿಂದ ಅಮ್ಮ ಈಚೆ, ಮಗಳು ಆಚೆ, ನಡುವೆ ಒಂದು ಮೊಳ ದೂರ.

ಹೀಗಿರುವಾಗ ಒಂದು ಬೆಳಗ್ಗೆ ಮೂಲೆಮನೆಯ ಗೋಡೆಗೆ ಹಳದಿ ನೋಟಿಸು ಬಿತ್ತು. ಹಲ್ಲಿನ ಡಾಕ್ಟರು ಸೋಲು ಮರೆತಿರಲಿಲ್ಲ. ಎಂಬತ್ತಮೂರು ಕಟ್ಟಡಗಳ ಮಾಲೀಕರನ್ನೂ ಮೂಗಿಗೆ ತುಪ್ಪ ಸವರಿ ಒಟ್ಟುಗೂಡಿಸಿ ಅರ್ಜಿ ಕೊಟ್ಟಿದ್ದರು: ಹಳೆಯ ಬೀದಿಯ ಸಂರಕ್ಷಿತ ಪ್ರದೇಶವನ್ನು ಪೂರ್ತಿ ರದ್ದು ಮಾಡಿ, ನಕ್ಷೆಯಿಂದ ಗಡಿಯನ್ನೇ ತೆಗೆದುಹಾಕಬೇಕು. ಆಕ್ಷೇಪಣೆ ಇದ್ದವರು ಇಪ್ಪತ್ತೊಂದನೆಯ ದಿನ ಖುದ್ದಾಗಿ ಕಚೇರಿಗೆ ಬಂದು ಹೇಳಬೇಕು.

ಗೆರೆಯೇ ಹೋದರೆ? ಅಜ್ಜನ ಕಿರುಚಾಟ ಅವಳ ಕಿವಿಯಲ್ಲಿ ಹಾಗೇ ಇತ್ತು.

ಪರಿಶೀಲನೆಗೆ ಹೊಸ ಅಧಿಕಾರಿ ಬಂದ. ಚುರುಕು ಮನುಷ್ಯ, ಕೈಯಲ್ಲಿ ಟೇಪು. ಅವಳು ಹಿಂದೆಯೇ ಓಡಾಡಿ ಎಲ್ಲ ಹೇಳಿದಳು. ಅವನು ಮರ್ಯಾದೆಯಿಂದಲೇ ಕೇಳಿ, ನಗು ತಡೆಯಲಾಗದೆ ನಕ್ಕ. “ಏನಮ್ಮ ನೀವು, ಇದೇ ಕೆಲಸ ಮಾಡಿದೋರು. ಗೆರೆ ಎಲ್ಲಾದ್ರೂ ಜೀವ ತಗೊಳ್ಳುತ್ತಾ?”

ಕೊನೆಯ ದಿನ ಮಗಳು ಸ್ಕೂಲಿಗೆ ಹೋಗದೆ ಬೆಳಗ್ಗೆಯೇ ಬಂದಳು. ಹದಿನಾಲ್ಕು ವರ್ಷದವಳು, ಅಮ್ಮನಷ್ಟೇ ಎತ್ತರ.

“ಒಂದು ಗಂಟೆ ಅಷ್ಟೇ ಅಮ್ಮ. ನಾನು ಒಳಗೆ ಕೂತಿರ್ತೀನಿ, ಪುಸ್ತಕ ತಂದಿದೀನಿ ನೋಡು. ನೀನು ಹೋಗಿ ಹೇಳಿ ಬಾ. ನಿನ್ನಷ್ಟು ಚೆನ್ನಾಗಿ ಅವರ ಮುಂದೆ ಯಾರು ಮಾತಾಡ್ತಾರೆ?”

“ಬೇಡ. ಆ ಒಂದು ಗಂಟೇಲೇ ಅವರು ಅಳಿಸಿಬಿಟ್ರೆ?”

“ಅಳಿಸೋಕೆ ನೀನು ಬಿಡ್ತೀಯಾ? ಗೆದ್ದು ವಾಪಸ್ ಬರ್ತೀಯ.”

ತಾಯಿಯ ಕಾಲುಗಳು ಚಪ್ಪಲಿಯೊಳಗೆ ಬೆರಳು ಮಡಿಸಿ ಕಾಯುತ್ತಿದ್ದವು. ರಸ್ತೆಯಾಚೆ ಬಸ್ಸು ಹೊರಟ ಸದ್ದು. ಗಾಳಿ. ಆರು ವರ್ಷದಿಂದ ನಡೆಯದ ಎಷ್ಟು ರಸ್ತೆಗಳು! ಗೆದ್ದರೆ, ಗೆದ್ದು ಹೊರಗೆ ಬಂದರೆ, ಈ ಕಾಲು ವಾಪಸ್ಸು ಇತ್ತ ತಿರುಗುತ್ತದೆಯೇ? ತಿರುಗುತ್ತದೆಂದು ಅವಳಿಗೆ ನಂಬಿಕೆ ಇರಲಿಲ್ಲ. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಹನ್ನೆರಡು ಪುಟದ ಆಕ್ಷೇಪಣೆಯನ್ನು ಮಗಳ ಕೈಗೆಸೆದಳು. “ನೀನೇ ಓದು. ನೀನೂ ಈ ಊರಿನೋಳೇ, ನಿನಗೂ ಹಕ್ಕಿದೆ. ಓಡು!”

ಮಗಳು ಓಡಿದಳು. ತಾಯಿ ಕೋಣೆಗೆ ಹೋಗಿ ಕಿಟಕಿಯ ಬಳಿ ನಿಂತಳು. ಹನ್ನೊಂದಾಯಿತು. ಹನ್ನೆರಡಾಯಿತು. ಕೂತಳು, ಎದ್ದಳು. ಕೈಗಳನ್ನು ಬೆಳಕಿಗೆ ಹಿಡಿದು ಮಾಸುತ್ತಿವೆಯೇ ಎಂದು ನೋಡಿಕೊಂಡಳು. ಮಗಳ ಹೆಸರು ಹೇಳಿಕೊಂಡಳು. ಗಂಡನ ಹೆಸರು ಹೇಳಿಕೊಂಡಳು. ಮತ್ತೆ ಹೇಳಿಕೊಂಡಳು. ಒಂದು ಗಂಟೆ. ಎಲ್ಲಿಂದಲೋ ಸುಟ್ಟ ಕೂದಲ ವಾಸನೆ. ಕಿವಿ ಮುಚ್ಚಿತು.

ತೆರೆಯಿತು.

ಅವಳು ಇನ್ನೂ ಇದ್ದಳು. ಕೈ ಇತ್ತು, ಹೆಸರುಗಳೂ ನೆನಪಿದ್ದವು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಹೆಜ್ಜೆಯ ಸದ್ದು, ಮಗಳ ಕೇಕೆ.

“ಅಮ್ಮಾ! ಗೆದ್ವಿ ಅಮ್ಮ! ಪೂರ್ತಿ ರದ್ದು ಮಾಡ್ಲಿಲ್ಲ! ನಾನು ಓದ್ತಾ ಓದ್ತಾ ಅತ್ತುಬಿಟ್ಟೆ. ಆ ಹೊಸ ಸರ್ ಎದ್ದು ನಿಂತು, ‘ಒಂದನ್ನಾದ್ರೂ ಉಳಿಸೋಣ, ಯಾವುದು ಬೇಕು ಹೇಳಮ್ಮ’ ಅಂತ ನನ್ನನ್ನೇ ಕೇಳಿದ್ರು. ನಾನು ನಿನ್ನ ಕೋಣೆ ಹೇಳ್ದೆ. ಆ ಮರದ ಕೆತ್ತನೆ ಗೋಡೆ ಇದೆಯಲ್ಲ, ಎಲ್ಲರೂ ಒಪ್ಪಿದ್ರು. ಅಲ್ಲೇ ಕೂತು ಹಳೇ ಗೆರೇನೇ ಕುಗ್ಗಿಸಿ ಹೊಸ ಗೆರೆ ಎಳೆದ್ರು, ಸರಿಯಾಗಿ ಈ ಕೋಣೆ ಸುತ್ತ.”

ಅವಳು ಬಾಗಿಲ ಕಡೆ ಹೆಜ್ಜೆ ಇಡಹೋಗಿ ಹೊಸಿಲ ಬಳಿ ನಿಂತುಬಿಟ್ಟಳು. ಈ ಕೋಣೆಯನ್ನು ಅವಳು ಎಷ್ಟು ಸಲ ಅಳೆದಿದ್ದಳೋ. ಉದ್ದ ಹನ್ನೆರಡಡಿ, ಅಗಲ ಒಂಬತ್ತಡಿ. ಕಾಲುಗಳು ತಟತಟ ಬಡಿದುಕೊಳ್ಳತೊಡಗಿದವು.

ಮಗಳು ಕೊನೆಯ ಮೆಟ್ಟಿಲು ಹತ್ತಿ, ಖುಷಿಯಿಂದ ಕೆಂಪಗಾದ ಮುಖ ಹೊತ್ತು, ಎರಡೂ ತೋಳು ಚಾಚಿ ಬಾಗಿಲಿಗೆ ಬಂದಳು.

“ಒಳಗೆ ಬರಬೇಡ ಪುಟ್ಟೀ,” ಎಂದಳು ತಾಯಿ. “ಅಲ್ಲೇ ನಿಂತು ಹೇಳು, ಕೇಳ್ತೀನಿ.”